ಹಸುಗೂಸಿನ ಜ್ವರವೂ ಅಂಗೈಯ ಮೊಬೈಲೂ

ನಮ್ಮ ಸಂಘದ ಕಛೇರಿಯಲ್ಲಿ ಸಂಜೆ ಕೂಡುವ ಸದಸ್ಯರೊಳಗೆ ಪಗಾರದ ಮಾತು, ಪಾಳಿಯ ಮಾತು, ಊರಿನ ಮಳೆ-ಬೆಳೆಯ ಮಾತು ಎಲ್ಲ ಆದ ಬಳಿಕ ಈಚೆಗೆ ಹೊಸದೊಂದು ಮಾತು ಸೇರಿಕೊಂಡಿದೆ. “ಮಗುವಿಗೆ ಎರಡು ದಿನದಿಂದ ಜ್ವರ. ಮೊಬೈಲಿನಲ್ಲಿ ನೋಡಿ ಔಷಧ ಕೊಟ್ಟಿದ್ದೇವೆ.” ಹೇಳುವವರು ಇದನ್ನು ಸಂಕೋಚದಿಂದ ಹೇಳುವುದಿಲ್ಲ, ಕೇಳುವವರಿಗೂ ಇದು ವಿಚಿತ್ರವೆನಿಸುವುದಿಲ್ಲ. ಹತ್ತು ವರ್ಷದ ಹಿಂದೆ “ಡಾಕ್ಟರರಿಗೆ ತೋರಿಸಿದಿರಾ?” ಎಂಬ ಪ್ರಶ್ನೆ ಇದ್ದ ಜಾಗದಲ್ಲಿ ಇಂದು “ಯಾವ ವಿಡಿಯೋ ನೋಡಿದಿರಿ?” ಎಂಬ ಪ್ರಶ್ನೆ ಬಂದು ಕುಳಿತಿದೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳಿವೆ. ನನ್ನ ವಯಸ್ಸಿನವರು ಮೊಬೈಲನ್ನು ಕಿತ್ತು ಸಮುದ್ರಕ್ಕೆಸೆಯಿರಿ ಎನ್ನುತ್ತಾರೆ. ಜುಹೂ ದಂಡೆ ಹತ್ತಿರವೇ ಇರುವುದರಿಂದ ಸಲಹೆ ಸುಲಭ. ತರುಣರು, ಜಗತ್ತಿನ ದೊಡ್ಡ ದೊಡ್ಡ ವೈದ್ಯರೆಲ್ಲ ಅದರೊಳಗೇ ಇರುವಾಗ ದವಾಖಾನೆಯ ಸಾಲಿನಲ್ಲಿ ನಿಂತು ಅರ್ಧ ದಿನದ ಕೂಲಿ ಕಳೆದುಕೊಳ್ಳುವುದೇಕೆ ಎಂದು ಕೇಳುತ್ತಾರೆ. ಎರಡೂ ಪಕ್ಷದವರು ತಪ್ಪು ಕಡೆ ನೋಡುತ್ತಿದ್ದಾರೆಂದು ನನ್ನ ಅಭಿಪ್ರಾಯ. ಏಕೆಂದರೆ ಮೊಬೈಲು ಮನೆಯೊಳಗೆ ಬಂದದ್ದು ಖಾಲಿ ಇದ್ದ ಒಂದು ಜಾಗಕ್ಕೆ. ಆ ಜಾಗವನ್ನು ಖಾಲಿ ಬಿಟ್ಟವರು ಯಾರು ಎಂಬುದನ್ನು ಯಾರೂ ಕೇಳುತ್ತಿಲ್ಲ.

ಮೊದಲು ನಮ್ಮ ಪಾರ್ಲೆಯಲ್ಲೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಸದಸ್ಯರೊಬ್ಬರು ಉಪಾಹಾರಗೃಹವೊಂದರಲ್ಲಿ ರಾತ್ರಿ ಪಾಳಿಯವರು. ಯಾದಗಿರಿ ಕಡೆಯವರು, ಹೆಂಡತಿ ಊರಿನಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಎಂಟು ತಿಂಗಳ ಮಗುವಿಗೆ ರಾತ್ರಿ ಜ್ವರವೇರಿತು. ಗಂಡ ಕೆಲಸದ ನಡುವೆ ಒಂದು ಕನ್ನಡ ವಿಡಿಯೋ ಹುಡುಕಿ ಮನೆಗೆ ಕಳಿಸಿದರು. ಹೊರದೇಶದಲ್ಲಿರುವ ಯಾರೋ ಒಬ್ಬ ತಾಯಿ, ತನ್ನ ಮಗುವಿಗೆ ಪ್ಯಾರಾಸಿಟಮಾಲ್ ಐದು ಎಂ.ಎಲ್. ಕೊಟ್ಟೆ, ಜ್ವರ ಇಳಿಯಿತು ಎಂದು ನಗುನಗುತ್ತ ಹೇಳಿದ್ದಳು. ಮನೆಯಲ್ಲಿಯೂ ಪ್ಯಾರಾಸಿಟಮಾಲ್ ಶೀಷೆ ಇತ್ತು. ಚಿಕ್ಕ ಶೀಷೆ, ಬಾಯಿಗೆ ರಬ್ಬರಿನ ಪಿಚಕಾರಿ ಇದ್ದದ್ದು. ತಾಯಿ ಚಹದ ಚಮಚೆಗೆ ಅದನ್ನು ತುಂಬುತ್ತಿದ್ದಳು. ಪಕ್ಕದ ಖೋಲಿಯಲ್ಲಿರುವವರು ಮಂಗಳೂರು ಕಡೆಯ ಹೆಂಗಸು, ಹೆರಿಗೆಮನೆಯೊಂದರಲ್ಲಿ ಆಯಾ ಕೆಲಸ ಮಾಡಿದವರು. ಮಗುವಿನ ಅಳು ಕೇಳಿ ಬಂದವರು ಚಮಚೆಯನ್ನು ಕಂಡು ಕೈ ಹಿಡಿದುಕೊಂಡರಂತೆ.

“ಎಂಥ ಮಾಡ್ತಿ ಮಾರಾಯ್ತಿ? ಇದು ಹನಿ ಲೆಕ್ಕದ ಮದ್ದು!”

“ವಿಡಿಯೋದಾಗ ಐದ ಎಮ್ಮೆಲ್ ಅಂದಾರ್ರೀ ಅಕ್ಕಾ.”

ಆ ಹುಡುಗಿ ತಪ್ಪು ಹೇಳಲಿಲ್ಲ, ವಿಡಿಯೋದ ತಾಯಿಯೂ ಸುಳ್ಳು ಹೇಳಲಿಲ್ಲ. ತಪ್ಪು ಶೀಷೆಗಳ ವ್ಯತ್ಯಾಸದಲ್ಲಿತ್ತು. ಅಮೆರಿಕದಲ್ಲಿ ಮಕ್ಕಳ ಈ ಔಷಧ ಐದು ಎಂ.ಎಲ್.ಗೆ 160 ಮಿಲಿಗ್ರಾಂ ಇರುತ್ತದೆ. 2011ರಿಂದ ಅಲ್ಲಿ ಹಸುಗೂಸಿಗೂ ದೊಡ್ಡ ಮಗುವಿಗೂ ಒಂದೇ ಸಾಂದ್ರತೆ ಎಂದು ತಯಾರಕರು ಗೊತ್ತುಮಾಡಿಕೊಂಡಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಹನಿಯ ಶೀಷೆಯಲ್ಲಿ ಸಾಮಾನ್ಯವಾಗಿ ಒಂದೇ ಎಂ.ಎಲ್.ಗೆ 100 ಮಿಲಿಗ್ರಾಂ. ಸಿರಪ್ಪಿನ ಶೀಷೆಗಳಲ್ಲಿ ಕೆಲವು ಐದು ಎಂ.ಎಲ್.ಗೆ 120 ಅಥವಾ 125, ಕೆಲವು 250. ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ತೂಕದ ಪ್ರತಿ ಕಿಲೋಗೆ ಹೆಚ್ಚೆಂದರೆ 15 ಮಿಲಿಗ್ರಾಂ. ಎಂಟು ಕಿಲೋ ಮಗುವಿಗೆ 120 ಮಿಲಿಗ್ರಾಂ ಎಂದಾಯಿತು. ಅಂದರೆ ಹನಿಯ ಶೀಷೆಯಿಂದಾದರೆ ಒಂದೂಕಾಲು ಎಂ.ಎಲ್. ಕೂಡ ಅಲ್ಲ. ಆ ಚಮಚೆಯಲ್ಲಿದ್ದದ್ದು 500 ಮಿಲಿಗ್ರಾಂ, ನಾಲ್ಕು ಪಟ್ಟು. ಜ್ವರ ಇಳಿಯಲಿಲ್ಲವೆಂದು ನಾಲ್ಕು ನಾಲ್ಕು ಗಂಟೆಗೆ ಹಾಗೆಯೇ ಕೊಡುತ್ತ ಹೋಗಿದ್ದರೆ ಮಗುವಿನ ಪಿತ್ತಕೋಶ, ಎಂದರೆ ಲಿವರು, ಕೆಟ್ಟುಹೋಗುತ್ತಿತ್ತು. ಈ ಲೆಕ್ಕವನ್ನು ನಾನು ಇಲ್ಲಿ ಬರೆದದ್ದು ಯಾರೂ ಇದನ್ನು ಕತ್ತರಿಸಿಟ್ಟುಕೊಂಡು ಔಷಧ ಅಳೆಯಲೆಂದಲ್ಲ. ಒಂದೇ ಹೆಸರಿನ ಔಷಧ ಮೂರು ಬಗೆಯ ಶೀಷೆಯಲ್ಲಿ ಬರುತ್ತದೆ, ಮಗುವಿನ ತೂಕ ತಿಳಿಯದೆ ಪ್ರಮಾಣ ಹೇಳುವವನು ಯಾರೇ ಆಗಲಿ ಕುರುಡುಗಣ್ಣಿನಿಂದ ಹೇಳುತ್ತಿದ್ದಾನೆ ಎಂಬುದು ತಿಳಿಯಲೆಂದು.

ಈ ಸಂಗತಿಯನ್ನು ಕೇಳಿದ ಕೂಡಲೇ ನಮ್ಮ ಹಿರಿಯರೊಬ್ಬರು, “ಈಗಿನ ಹೆಣ್ಣುಮಕ್ಕಳಿಗೆ ಬುದ್ಧಿ ಇಲ್ಲ” ಎಂದುಬಿಟ್ಟರು. ನನಗೆ ಸಿಟ್ಟು ಬಂತು. ಬಂಧುಗಳೇ, ವಿಡಿಯೋ ಹುಡುಕಿ ಕಳಿಸಿದ್ದು ಯಾರು? ಗಂಡಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ್ದೇವೆಂದ ಹೆಂಗಸರು ದೇಶದಲ್ಲಿ ನೂರಕ್ಕೆ 33, ಗಂಡಸರು 57. ಆಮೇಲೆ ಅದು ಏರಿರಬಹುದು, ಆದರೆ ನಮ್ಮ ಮನೆಗಳಲ್ಲಿ ಒಳ್ಳೆಯ ಮೊಬೈಲು ಈಗಲೂ ಗಂಡಸಿನ ಜೇಬಿನಲ್ಲಿಯೇ ಕೆಲಸಕ್ಕೆ ಹೋಗುತ್ತದೆ. ಚಹದ ಬಿಡುವಿನಲ್ಲಿ ಅದನ್ನು ನೋಡುವವರು ನಾವು. ನೋಡಿದ್ದನ್ನು ಮುಂದಕ್ಕೆ ತಳ್ಳುವವರು ನಾವು. ಎಷ್ಟೋ ಜನರ ಹೆಂಡತಿ-ಮಕ್ಕಳು ಊರಿನಲ್ಲೇ ಇದ್ದಾರೆ. ಇಲ್ಲಿ ಪಾರ್ಲೆಯಲ್ಲಿ ಪಾತ್ರೆ ತೊಳೆಯುವ ತಂದೆ ನೂರಾರು ಮೈಲಿ ದೂರದ ಹಳ್ಳಿಯ ಮಗುವಿಗೆ ವಾಟ್ಸಾಪಿನಲ್ಲಿ ಚಿಕಿತ್ಸೆ ನಡೆಸುತ್ತಾನೆ. ಇದು ಅವನ ಅಹಂಕಾರವಲ್ಲ, ಅಸಹಾಯಕತೆ. ದುಡ್ಡು ಕಳಿಸುವುದನ್ನು ಬಿಟ್ಟರೆ ತಂದೆಯಾಗಿ ಮಾಡಲು ಅವನಿಗೆ ಬೇರೇನೂ ಉಳಿದಿಲ್ಲ. ಆದ್ದರಿಂದ ಸಲಹೆಯನ್ನೂ ಕಳಿಸುತ್ತಾನೆ.

ಇನ್ನು ದವಾಖಾನೆಯ ಕಡೆ ನೋಡಿ. ನಮ್ಮ ನಗರದ ಪಾಲಿಕೆಯ ದವಾಖಾನೆಗಳನ್ನು ನಾನು ಹಳಿಯುವವನಲ್ಲ. ಇಷ್ಟು ಜನಸಂಖ್ಯೆಯ ನಗರದಲ್ಲಿ ಬಡವನ ಮಗುವಿಗೆ ದುಡ್ಡಿಲ್ಲದೆ ಲಸಿಕೆ ಹಾಕುವ ವ್ಯವಸ್ಥೆಯೊಂದು ನಿಂತಿದೆ ಎಂಬುದೇ ದೊಡ್ಡ ಮಾತು. ಪಾರ್ಲೆಯ ಪಶ್ಚಿಮಕ್ಕೆ ಕೂಪರ್ ಆಸ್ಪತ್ರೆ ಇದೆ. ಪರಳದಲ್ಲಿ ಬಾಯಿ ಜೇರಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ 1929ರಿಂದ ಇದೆ. 2022ರ ನವೆಂಬರಿನಿಂದ ‘ಆಪಲಾ ದವಾಖಾನಾ’ ಎಂಬ ಹೆಸರಿನಲ್ಲಿ ಚಿಕ್ಕ ಚಿಕ್ಕ ದವಾಖಾನೆಗಳು ತೆರೆದವು. ಆದರೆ ಅಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಆಗುವುದೇನು? ಒಂದು ಉದಾಹರಣೆ ಸಾಕು. ವೈದ್ಯರು ಮರಾಠಿಯಲ್ಲಿ “ಜುಲಾಬ ಹೋತಾತ ಕಾ?” ಎಂದು ಕೇಳುತ್ತಾರೆ. ಮಗುವಿಗೆ ಭೇದಿ ಆಗುತ್ತಿದೆಯೇ ಎಂದು ಅದರ ಅರ್ಥ. ನಮ್ಮವಳಿಗೆ ಗೊತ್ತಿರುವ ಜುಲಾಬು ಬೇರೆ. ಹೊಟ್ಟೆ ತೊಳೆಯಲು ಕೊಡುವ ಔಷಧ ಅದು. “ಇಲ್ರೀ, ಕೊಟ್ಟಿಲ್ಲ” ಎಂದು ತಲೆಯಾಡಿಸುತ್ತಾಳೆ. ವೈದ್ಯರು ‘ಭೇದಿ ಇಲ್ಲ’ ಎಂದು ಬರೆದುಕೊಳ್ಳುತ್ತಾರೆ. ಹಿಂದೆ ಸಾಲಿನಲ್ಲಿ ಎಪ್ಪತ್ತು ಜನ. ಎರಡು ನಿಮಿಷದಲ್ಲಿ ಅವಳ ಸರದಿ ಮುಗಿಯಿತು. ಮನೆಗೆ ಬಂದು ಮೊಬೈಲು ತೆರೆದರೆ ಅದು ಅವಳೊಡನೆ ಒಂದು ತಾಸು ಕನ್ನಡದಲ್ಲಿ ಮಾತಾಡುತ್ತದೆ. ಬೇಸರಿಸುವುದಿಲ್ಲ, ಗದರಿಸುವುದಿಲ್ಲ, “ಮುಂದಿನವರು” ಎನ್ನುವುದಿಲ್ಲ. ಅವಳು ಯಾರನ್ನು ನಂಬಬೇಕು? ನಿಮ್ಮನ್ನೇ ಕೇಳಿಕೊಳ್ಳಿ.

ಮೊಬೈಲು ಬರುವ ಮುಂಚೆ ನಾವೆಲ್ಲ ಶಾಸ್ತ್ರೀಯವಾಗಿ ಮಕ್ಕಳನ್ನು ಸಾಕುತ್ತಿದ್ದೆವೆಂಬ ಭ್ರಮೆಯೂ ಬೇಡ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವವರು ನಮ್ಮ ಅಜ್ಜಿಯರೇ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ವಿಷಬಾಧೆ ಆಗಬಹುದೆಂದು ವೈದ್ಯರು ಬೇಡವೆನ್ನುತ್ತಾರೆ. ಆರು ತಿಂಗಳ ತನಕ ತಾಯಿಯ ಹಾಲಲ್ಲದೆ ನೀರೂ ಬೇಡವೆಂದರೆ, “ಬೇಸಗೆಯಲ್ಲಿ ಮಗುವಿನ ಗಂಟಲು ಒಣಗುವುದಿಲ್ಲವೇ?” ಎಂದು ಜಗಳಕ್ಕೆ ಬರುವವರೂ ಅವರೇ. ಸೆಳವು ಬಂದ ಕೂಸಿಗೆ, ಕಾಮಾಲೆಯ ಕೂಸಿಗೆ ಕಾದ ಸೂಜಿಯಿಂದ ಬರೆ ಎಳೆಯುವ ಪದ್ಧತಿ ನಮ್ಮ ಉತ್ತರದ ಜಿಲ್ಲೆಗಳ ಹಳ್ಳಿಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಅಜ್ಜಿ ತಪ್ಪು ಹೇಳಿದರೆ ಅದು ಒಂದು ಓಣಿಯಲ್ಲಿ ನಿಲ್ಲುತ್ತಿತ್ತು, ಮೊಬೈಲಿನ ತಪ್ಪು ಸಂಜೆಯೊಳಗೆ ಮೂರು ರಾಜ್ಯ ಮುಟ್ಟುತ್ತದೆ. ವ್ಯತ್ಯಾಸ ಅಷ್ಟೇ. ಆದರೆ ಅಜ್ಜಿಗೆ ಒಂದು ಗುಣವಿತ್ತು. ಮಗುವಿಗೆ ಹೆಚ್ಚುಕಡಿಮೆಯಾದರೆ ಅವಳೇ ರಾತ್ರಿಯಿಡೀ ತೊಡೆಯ ಮೇಲೆ ಹಾಕಿಕೊಂಡು ಕೂಡುತ್ತಿದ್ದಳು. ತನ್ನ ಮಾತಿಗೆ ತಾನು ಹೊಣೆ ಹೊರುತ್ತಿದ್ದಳು.

ಹೊಣೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕನ್ನಡದಲ್ಲಿ ಆರೋಗ್ಯದ ತಿಳಿವಳಿಕೆ ಕೊಡುವ ಬರಹ ನಮಗೆ ಹೊಸದಲ್ಲ. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಪುಸ್ತಕಗಳನ್ನು ನಮ್ಮ ತಾಯಂದಿರು ಕೈಯಿಂದ ಕೈಗೆ ದಾಟಿಸಿ ಓದಿದ್ದುಂಟು. ಆಕೆ ವೈದ್ಯೆ, ಪುಸ್ತಕದ ಮೇಲೆ ಹೆಸರಿತ್ತು, ಪ್ರಕಾಶಕರ ವಿಳಾಸವಿತ್ತು, ತಪ್ಪಿದ್ದರೆ ಪತ್ರ ಬರೆಯಬಹುದಿತ್ತು. ಇಂದಿನ ವಿಡಿಯೋದಲ್ಲಿ ಬಿಳಿ ಕೋಟು ಇರುತ್ತದೆ, ಕೊರಳಲ್ಲಿ ಸ್ಟೆತೋಸ್ಕೋಪೂ ಇರುತ್ತದೆ, ಆದರೆ ಆ ಮನುಷ್ಯ ಎಲ್ಲಿ ಓದಿದವನು, ಯಾವ ವೈದ್ಯಕೀಯ ಮಂಡಲಿಯಲ್ಲಿ ಅವನ ಹೆಸರು ನೋಂದಣಿಯಾಗಿದೆ ಎಂಬುದು ಇರುವುದಿಲ್ಲ. ಕೋಟು ಅಂಗಡಿಯಲ್ಲಿ ಸಿಗುತ್ತದೆ. ನೋಡುವವರ ಸಂಖ್ಯೆ ಹೆಚ್ಚಿದಂತೆ ಜಾಹೀರಾತಿನ ಹಣ ಅವನಿಗೆ ಸೇರುತ್ತದೆ. “ಚಿಂತೆ ಬೇಡ, ಸಾಮಾನ್ಯ ನೆಗಡಿ, ಮೂರು ದಿನ ಕಾಯಿರಿ” ಎಂಬ ನಿಜವನ್ನು ಯಾರೂ ನೋಡುವುದಿಲ್ಲ, “ಈ ಒಂದು ಎಲೆಯಿಂದ ಒಂದೇ ರಾತ್ರಿಯಲ್ಲಿ ಕಫ ಮಾಯ” ಎಂಬುದನ್ನು ಲಕ್ಷ ಜನ ನೋಡುತ್ತಾರೆ. ಪ್ರಶ್ನೆ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುವ ಯಂತ್ರಗಳು ಕೂಡ ಈಗ ಬಂದಿವೆ. ಅವು ಬಹಳ ಸಲ ಸರಿಯಾಗಿಯೇ ಹೇಳುತ್ತವೆ; ತಪ್ಪು ಹೇಳುವಾಗಲೂ ಅಷ್ಟೇ ಧೈರ್ಯದ ದನಿಯಲ್ಲಿ ಹೇಳುತ್ತವೆ ಎಂಬುದೇ ತೊಡಕು.

ಭಾಷೆಯ ತೊಡಕು ಇಲ್ಲಿಯೂ ಇದೆ. ಮರಾಠಿಯಲ್ಲಿ ಗೋವರ ಎನ್ನುವ ಬೇನೆಗೆ ನಮ್ಮ ಪುಸ್ತಕದ ಹೆಸರು ದಡಾರ. ಉತ್ತರ ಕರ್ನಾಟಕದ ಮನೆಮಾತಿನಲ್ಲಿ ಅದು ಗೊಬ್ಬರ. ಮಗುವಿಗೆ ಗೊಬ್ಬರ ಎದ್ದಿದೆ ಎಂದು ಒಬ್ಬ ತಾಯಿ ಮೊಬೈಲಿನಲ್ಲಿ ಹುಡುಕಿದರೆ ಹೊಲಕ್ಕೆ ಎಷ್ಟು ಯೂರಿಯಾ ಹಾಕಬೇಕೆಂದು ಅದು ತೋರಿಸೀತು. ನಗುವ ಮಾತಲ್ಲ. ಆ ದಡಾರವೇ ನಮ್ಮ ನಗರದಲ್ಲಿ ಏನು ಮಾಡಿತೆಂಬುದು ನೆನಪಿರಲಿ. 2022ರ ಅಕ್ಟೋಬರಿನಿಂದ ಗೋವಂಡಿಯಲ್ಲಿ ಹಬ್ಬಿ, ಬೇರೆ ವಾರ್ಡುಗಳಿಗೂ ಚಾಚಿ, ಹತ್ತಕ್ಕಿಂತ ಹೆಚ್ಚು ಮಕ್ಕಳ ಪ್ರಾಣ ತೆಗೆಯಿತು. ಕೊರೋನಾ ಕಾಲದಲ್ಲಿ ತಪ್ಪಿದ ಲಸಿಕೆ, ಇಕ್ಕಟ್ಟಿನ ಮನೆಗಳು, ಅರೆಹೊಟ್ಟೆಯ ಮಕ್ಕಳು ಇವೆಲ್ಲ ಕಾರಣಗಳಿದ್ದವು. ಲಸಿಕೆಯ ಬಗ್ಗೆ ಮನೆಮನೆಯಲ್ಲಿದ್ದ ಹೆದರಿಕೆಯೂ ಒಂದು ಕಾರಣ. ಒಂಬತ್ತು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಹೆಚ್ಚಿನ ಒಂದು ಡೋಸು, ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೂ ಒಂದು ಡೋಸು ಎಂದು ಪಾಲಿಕೆಯವರು ಬಾಗಿಲು ಬಾಗಿಲಿಗೆ ಅಲೆಯಬೇಕಾಯಿತು.

ಆ ಹೆದರಿಕೆ ಎಲ್ಲಿಂದ ಬಂತು? 1998ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತವನ ಸಂಗಡಿಗರು ಕೇವಲ ಹನ್ನೆರಡು ಮಕ್ಕಳ ಮೇಲಿನ ಲೇಖನವೊಂದನ್ನು ಪ್ರಕಟಿಸಿ, ದಡಾರದ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಶಂಕೆ ಎಬ್ಬಿಸಿದರು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಲಾಯಿತು. ಲೇಖನ ಸತ್ತರೂ ಅದರ ಭೂತ ಸಾಯಲಿಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕವೂ ಸೇರಿದಂತೆ ಐದು ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ವಾಟ್ಸಾಪಿನಲ್ಲಿ ಹುಟ್ಟಿದ ಸುಳ್ಳುಗಳಿಂದ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಶಾಲೆಗೇ ಕಳಿಸದೆ ಮನೆಯಲ್ಲಿರಿಸಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಜಿಯೋ ಬಂದು ಮೊಬೈಲಿನ ಡೇಟಾ ಅಗ್ಗವಾಗಿತ್ತು ಎಂಬುದನ್ನೂ ಗಮನಿಸಬೇಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಹಬ್ಬಿ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಐವರನ್ನು ಹೊಡೆದು ಕೊಂದರು. ಅದೇ ತಿಂಗಳು ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿಯೂ ಒಬ್ಬನ ಕೊಲೆಯಾಯಿತು. ಮಗುವಿನ ಮೇಲಿನ ಪ್ರೀತಿ ಎಷ್ಟು ಬೇಗ ಹೆದರಿಕೆಯಾಗುತ್ತದೆ, ಹೆದರಿಕೆ ಎಷ್ಟು ಬೇಗ ಕಲ್ಲು ಎತ್ತಿಕೊಳ್ಳುತ್ತದೆ!

ಇಷ್ಟೆಲ್ಲ ಬರೆದ ಮೇಲೆ ನಾನೂ ಮೊಬೈಲು ಎಸೆಯಿರಿ ಎಂಬ ಪಕ್ಷಕ್ಕೆ ಸೇರಿದೆನೆಂದು ತಿಳಿಯಬೇಡಿ. ಅದರಿಂದಲೇ ಆದ ಒಳಿತು ಕಣ್ಣ ಮುಂದಿದೆ. ಭೇದಿಯಾದ ಮಗುವಿಗೆ ಓ.ಆರ್.ಎಸ್. ಕೊಡಬೇಕೆಂಬುದು ಈಗ ಎಲ್ಲರಿಗೂ ಗೊತ್ತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನು ತೀರಿದಾಗ ಡಾ. ದಿಲೀಪ್ ಮಹಲನಾಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆಯ ನೀರು ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಇಂದಿನ ಪೊಟ್ಟಣದ ಅಳತೆ ಜಾಗತಿಕ ಆರೋಗ್ಯ ಸಂಸ್ಥೆ ಗೊತ್ತುಮಾಡಿದ್ದು: 20.5 ಗ್ರಾಂ ಪುಡಿ, ಒಂದು ಲೀಟರು ನೀರು, ಅದರಲ್ಲಿ ಗ್ಲೂಕೋಸು 13.5 ಗ್ರಾಂ. ಆದರೆ ಔಷಧದಂಗಡಿಗಳಲ್ಲಿ ಆ ಮೂರಕ್ಷರವನ್ನು ಮೇಲೆ ಮುದ್ರಿಸಿಕೊಂಡ ಸಿಹಿ ಪಾನಕದ ಡಬ್ಬಿಗಳು ವರ್ಷಗಟ್ಟಲೆ ಮಾರಾಟವಾದವು. ಸಕ್ಕರೆ ಹೆಚ್ಚಾದ ಪಾನಕ ಭೇದಿಯನ್ನು ಇಳಿಸದೆ ಏರಿಸುತ್ತದೆ. ಇದರ ವಿರುದ್ಧ ಹಲವು ವರ್ಷ ಹೋರಾಡಿದವರು ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್. ಅವರ ಒಂದು ಮುಖ್ಯ ಆಯುಧ ಮೊಬೈಲಿನಲ್ಲಿ ತಾಯಂದಿರಿಗೆ ಮಾಡಿದ ಭಾಷಣಗಳು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು, ಆ ಸೂತ್ರಕ್ಕೆ ಹೊಂದದ ಪಾನಕಗಳ ಮೇಲೆ ಓ.ಆರ್.ಎಸ್. ಎಂಬ ಹೆಸರು ಕೂಡದೆಂದು ಆಜ್ಞೆ ಮಾಡಿತು.

ಅದೇ ತಿಂಗಳು ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಸುದ್ದಿಯೂ ಬಂತು. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿದ ಕೆಮ್ಮಿನ ಸಿರಪ್ಪು ಕುಡಿದು ಇಪ್ಪತ್ತಕ್ಕೂ ಹೆಚ್ಚು ಚಿಕ್ಕ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ತಂದೆತಾಯಿಗಳು ಮೊಬೈಲು ನೋಡಿ ಔಷಧ ಕೊಟ್ಟವರಲ್ಲ, ವೈದ್ಯರ ಚೀಟಿ ಹಿಡಿದು ಹೋದವರು! ಮುಂಬಯಿಯ ಹಳಬರಿಗೆ ಇದು ಎರಡನೆಯ ಗಾಯ. 1986ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್ ಕುಡಿದು 14 ರೋಗಿಗಳು ಸತ್ತು, ನ್ಯಾಯಮೂರ್ತಿ ಲೆಂಟಿನ್ನರ ವಿಚಾರಣಾ ಆಯೋಗ ಕೂತಿತ್ತು. ಆದ್ದರಿಂದ ‘ವೈದ್ಯರು ಹೇಳಿದ್ದನ್ನು ಕಣ್ಣು ಮುಚ್ಚಿ ಕೇಳಿ’ ಎಂದು ಬರೆಯಲು ನನ್ನ ಲೇಖನಿ ಏಳುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ಪು ಬರೆಯಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಕಿಲ್ಲ ಎಂದು ಕೇಂದ್ರ ಸರಕಾರದ ಆರೋಗ್ಯ ಸೇವಾ ನಿರ್ದೇಶನಾಲಯ ಆಗ ಸೂಚನೆ ಹೊರಡಿಸಿತು. ಆ ಸೂಚನೆ ನಮ್ಮ ಸದಸ್ಯರಿಗೆ ತಲುಪಿದ್ದು ಮೊಬೈಲಿನಿಂದಲೇ. ಅದನ್ನೋದಿದ ತಂದೆಯೊಬ್ಬ, “ಡಾಕ್ಟರೇ, ನನ್ನ ಮಗುವಿಗೆ ಒಂದೂವರೆ ವರ್ಷ. ಈ ಸಿರಪ್ಪು ಬೇಕೇಬೇಕೇ?” ಎಂದು ವಿನಯದಿಂದ ಕೇಳಿದರೆ ಅದು ಉದ್ಧಟತನವಲ್ಲ. ಕೇಳಿದ್ದಕ್ಕೆ ಸಿಡುಕುವ ವೈದ್ಯರಿದ್ದರೆ ತಪ್ಪು ವೈದ್ಯರದು.

ಅಂತೂ ಕೇಳಲು ಕಲಿಸುವ ಮೊಬೈಲು ಒಳ್ಳೆಯದು, ಕೇಳುವುದನ್ನೇ ನಿಲ್ಲಿಸುವ ಮೊಬೈಲು ಕೆಟ್ಟದ್ದು ಎಂಬ ಕಡೆಗೆ ನಾನು ವಾಲುತ್ತೇನೆ. ಅದಕ್ಕೆ ಮಗು ಕಾಣಿಸುವುದಿಲ್ಲ. ಕಾಣಬಲ್ಲವಳು ತಾಯಿ; ಆದರೆ ಏನನ್ನು ನೋಡಬೇಕೆಂದು ಅವಳಿಗೆ ಯಾರಾದರೂ ತೋರಿಸಿರಬೇಕು. ಕೆಮ್ಮುವ ಮಗು ಅಳದೆ ಸುಮ್ಮನಿರುವಾಗ ಅದರ ಹೊಟ್ಟೆಯ ಏರಿಳಿತವನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನ ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಎರಡು ತಿಂಗಳಿಂದ ವರ್ಷದೊಳಗಿನದಕ್ಕೆ 50 ಮುಟ್ಟಿದರೆ, ಒಂದರಿಂದ ಐದು ವರ್ಷದ ಮಗುವಿಗೆ 40 ಮುಟ್ಟಿದರೆ ಅದು ನ್ಯುಮೋನಿಯಾ ಇರಬಹುದು, ಮನೆಮದ್ದಿನ ಕಾಲ ಮುಗಿಯಿತು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯಲಾರದಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಸೆಳವು ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿ ಬಿದ್ದಿದ್ದರೆ ರಾತ್ರಿ ಎಷ್ಟೇ ಗಂಟೆಯಾಗಿರಲಿ 108ಕ್ಕೆ ಕರೆ ಮಾಡಿ ಹೊರಡಬೇಕು. ಮೂರು ತಿಂಗಳು ತುಂಬದ ಕೂಸಿಗೆ ಬರಿಯ ಜ್ವರ ಬಂದರೂ ಕಾಯಬಾರದು. ಅಂಥ ಹೊತ್ತಿನಲ್ಲಿ ಮೊಬೈಲಿನ ಅತ್ಯುತ್ತಮ ಉಪಯೋಗ ಅದರ ಗಡಿಯಾರ. ಎರಡನೆಯದು ಅದರಿಂದ ಕರೆ ಮಾಡಬಹುದೆಂಬುದು. ಅವಸರವಿಲ್ಲದ ವಿಷಯಕ್ಕೆ ಸರಕಾರದ ‘ಇ-ಸಂಜೀವನಿ’ಯಲ್ಲಿ ದುಡ್ಡಿಲ್ಲದೆ ವೈದ್ಯರೊಡನೆ ಮುಖ ನೋಡಿ ಮಾತಾಡಬಹುದು. ಊರಿನಲ್ಲಿ ಸಂಸಾರವಿರುವವರು ಮನೆಯವರಿಗೆ ಕರ್ನಾಟಕದ 104 ಆರೋಗ್ಯವಾಣಿಯನ್ನು ಹೇಳಿಕೊಡಲಿ. ಎಲ್ಲಿಂದಲೋ ಬಂದ ವಿಡಿಯೋ ಕಳಿಸುವ ಬದಲು ಈ ಎರಡು ಅಂಕೆ-ಅಕ್ಷರಗಳನ್ನು ಕಳಿಸಿದರೆ ಆ ತಂದೆಯ ಚಡಪಡಿಕೆಗೂ ಒಂದು ದಾರಿಯಾದೀತು.

ಈಗ ಸಂಘದ ಮಾತಿಗೆ ಬರುತ್ತೇನೆ. ಕಾರ್ಯಕಾರಿ ಸಮಿತಿಯ ಕಳೆದ ಸಭೆಯಲ್ಲಿ ನಾನು ಈ ಪ್ರಸ್ತಾಪ ತೆಗೆದಾಗ ಮಿತ್ರರೊಬ್ಬರು, “ನಾವು ಪಗಾರಕ್ಕೆ, ಬೋನಸ್ಸಿಗೆ, ಸುಟ್ಟಿಗೆ ಹೋರಾಡುವವರು. ಹಾಲು ಕುಡಿಯುವ ಮಕ್ಕಳ ಚಿಂತೆ ನಮಗೇಕೆ?” ಎಂದರು. ಅವರು ಹಳೆಯ ಹೋರಾಟಗಾರರು, ಅವರ ಮೇಲೆ ನನಗೆ ಗೌರವವಿದೆ. ಆದರೆ ಕೇಳುತ್ತೇನೆ: ಆ ಯಾದಗಿರಿಯ ತಾಯಿ ಹಗಲೇ ಏಕೆ ದವಾಖಾನೆಗೆ ಹೋಗಲಿಲ್ಲ? ಒಬ್ಬಳೇ ಹೋದರೆ ಮಾತು ಬಾರದು. ಗಂಡ ಜೊತೆಗೆ ಬಂದರೆ ಒಂದು ಖಾಡೆ ಬೀಳುತ್ತದೆ, ಖಾಡೆ ಬಿದ್ದರೆ ಕೂಲಿ ಕಡಿಯುತ್ತದೆ. ಮಗುವಿನ ಬೇನೆಗೆ ತಂದೆಗೆ ಸಂಬಳದ ಅರ್ಧ ದಿನ ರಜೆ ಎಂಬುದು ಪಗಾರದ ಪ್ರಶ್ನೆಯಲ್ಲವೇ? ಮಾಲೀಕರೊಡನೆ ಕೂತಾಗ ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಇದು ಇದುವರೆಗೆ ಒಮ್ಮೆಯೂ ಬರಲಿಲ್ಲ. ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವವನಿಗೂ, ನಾಕಾದಲ್ಲಿ ನಿಂತು ಕಟ್ಟಡದ ಕೆಲಸಕ್ಕೆ ಹೋಗುವವನಿಗೂ ಇದು ಒಂದೇ ಸಮನಾಗಿ ತಟ್ಟುವ ವಿಷಯ. ನಾಕಾದವನಿಗೆ ಇ.ಎಸ್.ಐ. ಕಾರ್ಡಿನ ಆಸರೆಯೂ ಇಲ್ಲ.

ಉಳಿದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಒಂದು ಹಾಳೆಯ ಮೇಲೆ ಮಗುವಿನ ಬೇನೆಯ ಇಪ್ಪತ್ತು-ಮೂವತ್ತು ಮಾತುಗಳನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲಿಯೂ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಬಹುದು; ಭೇದಿ-ಜುಲಾಬದಂಥ ಪದಗಳು ಮೊದಲ ಸಾಲಿನಲ್ಲಿರಲಿ. ನಮ್ಮ ಸಮಾಜದಲ್ಲಿ ದಾದಿಯರಾಗಿ ದುಡಿದು ನಿವೃತ್ತರಾದ ತಾಯಂದಿರು ಈ ಉಪನಗರಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಅವರಲ್ಲೊಬ್ಬರು ನಮ್ಮ ಕಛೇರಿಯಲ್ಲಿ ಎರಡು ತಾಸು ಕೂತರೆ ಸಾಕು. ಔಷಧ ಕೊಡುವುದಕ್ಕಲ್ಲ; ಲಸಿಕೆಯ ಕಾರ್ಡು ನೋಡಿ ಯಾವುದು ತಪ್ಪಿದೆ ಎಂದು ಹೇಳುವುದಕ್ಕೆ, ಮನೆಯಲ್ಲಿರುವ ಶೀಷೆಗಳ ಚೀಟಿ ಓದಿ ತಿಳಿಸುವುದಕ್ಕೆ, ವಾಟ್ಸಾಪಿನಲ್ಲಿ ಬಂದದ್ದನ್ನು ತೋರಿಸಿದರೆ ಅದು ಹೌದೋ ಅಲ್ಲವೋ ಎನ್ನುವುದಕ್ಕೆ. ಅದರೊಡನೆ ಕೂಸುಗಳನ್ನು ತೂಗುವ ಒಂದು ತಕ್ಕಡಿ ಬೇಕು. ಪ್ರತಿ ಮಗುವಿನ ತೂಕ ಬರೆದ ಚೀಟಿಯೊಂದು ಅದರ ತಾಯಿಯ ಕೈಯಲ್ಲಿದ್ದರೆ, ವೈದ್ಯರ ಎರಡು ನಿಮಿಷದಲ್ಲಿ ಅರ್ಧ ನಿಮಿಷ ಉಳಿಯುತ್ತದೆ.

ಪಾರ್ಲೆ ಸ್ಟೇಷನ್ನಿನ ಪೂರ್ವಕ್ಕಿದ್ದ ಬಿಸ್ಕೀಟು ಕಾರಖಾನೆ 2016ರಲ್ಲಿ ನಿಂತಿತು. ಅಲ್ಲಿಯ ತನಕ ರೈಲಿಳಿದವರಿಗೆಲ್ಲ ಬಿಸಿ ಬಿಸ್ಕೀಟಿನ ವಾಸನೆ ಬಡಿಯುತ್ತಿತ್ತು. ನಮ್ಮ ಮನೆಗಳ ಮಕ್ಕಳು ಹಾಲಿನಲ್ಲಿ, ಹಾಲಿಲ್ಲದಿದ್ದರೆ ಚಹದಲ್ಲಿ ಅದ್ದಿದ ಬಿಸ್ಕೀಟಿನ ಮೇಲೆಯೇ ಬೆಳೆದವು. ಅದರಿಂದ ಹೊಟ್ಟೆ ತುಂಬಿತು, ತೂಕ ಏರಿತೇ ಎಂದು ನೋಡಿದವರಿಲ್ಲ, ನೋಡಲು ತಕ್ಕಡಿಯೂ ಇರಲಿಲ್ಲ. ಆ ತಕ್ಕಡಿಯನ್ನು ಸಂಘದ ಹಣದಿಂದ ಕೊಳ್ಳಬೇಕೆಂಬ ಗೊತ್ತುವಳಿಯನ್ನು ಬರುವ ವಾರ್ಷಿಕ ಸಭೆಯಲ್ಲಿ ಮಂಡಿಸುವವನಿದ್ದೇನೆ. ಅನುಮೋದಿಸಲು ಒಪ್ಪಿದವರು ಆ ಉಪಾಹಾರಗೃಹದ ರಾತ್ರಿ ಪಾಳಿಯ ಸದಸ್ಯರೇ. ಅವರ ಮಗು ಈಗ ನಡೆಯುತ್ತದೆ.